ಬಂದ ಬಿಸಿಯನ್ನು ಎಲ್ಲಿ ಇಡೋಣ? ಹಳೆಯ ಮನೆ ಗ್ಯಾಸ್ ಬಿಟ್ಟು ಸೌದೆ, ಬಿಸಿಲಿಗೆ ಬದಲಾಗುವ ಬಗ್ಗೆ

ಎಲ್ಲರಿಗೂ ನಮಸ್ಕಾರ.

ಚಳಿ ಸೀಮೆಯ ಮನೆಗಳಲ್ಲಿ ಗೋಡೆಯ ಮೇಲೆ ಒಂದು ಸಣ್ಣ ಗುಂಡಿ ಇರುತ್ತದೆ. ಚಳಿ ಅನ್ನಿಸಿದರೆ ಅದನ್ನು ಒಂದಿಷ್ಟು ತಿರುಗಿಸುತ್ತೇವೆ. ಒಳಗೆಲ್ಲೋ ಗ್ಯಾಸ್ ಬಾಯ್ಲರ್ ಹೊತ್ತಿಕೊಳ್ಳುತ್ತದೆ. ಪಂಪ್ ಬಿಸಿನೀರನ್ನು ತಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಕೋಣೆಯ ರೇಡಿಯೇಟರ್, ಅಂದರೆ ಆ ನೀರು ಹರಿಯುವ ಲೋಹದ ಫಲಕ, ಮುಟ್ಟಿದರೆ ಬಿಸಿ. ಸಾಕು ಅನ್ನಿಸಿದಾಗ ಗುಂಡಿ ಹಿಂದಕ್ಕೆ ತಿರುಗಿಸಿದರೆ ಬೆಂಕಿ ಆ ಕ್ಷಣಕ್ಕೇ ಆರಿಹೋಗುತ್ತದೆ. ಕೇಳಿದಾಗ ಬರುತ್ತದೆ, ಬೇಡ ಅಂದಾಗ ನಿಲ್ಲುತ್ತದೆ. ಗ್ಯಾಸಿನ ದೊಡ್ಡ ಗುಣ ಇದೇ.

ಸೌದೆಗೆ ಈ ಗುಣ ಇಲ್ಲ. ಬಿಸಿಲಿಗೂ ಇಲ್ಲ. ಒಲೆಗೆ ಒಮ್ಮೆ ಸೌದೆ ತುಂಬಿ ಹೊತ್ತಿಸಿದರೆ ಅದು ತನ್ನ ಪಾಡಿಗೆ ಮೂರು ನಾಲ್ಕು ಗಂಟೆ ಉರಿಯುತ್ತದೆ. ಬಿಸಿಲು ಬರುವುದು ಮಧ್ಯಾಹ್ನ, ನಮಗೆ ಚಳಿ ಆಗುವುದು ರಾತ್ರಿ. ಗ್ಯಾಸ್ ತೆಗೆದು ಸೌದೆ, ಸೋಲಾರ್ ಹಾಕಿಸಬೇಕು ಅನ್ನುವವರು ಮೊದಲು ಕೇಳುವ ಪ್ರಶ್ನೆ, ‘ಯಾವ ಒಲೆ ತಗೊಳ್ಳಲಿ?’ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಬಂದ ಬಿಸಿಯನ್ನು ಎಲ್ಲಿ ಇಡುತ್ತೀರಿ? ಇಟ್ಟದ್ದು ಸೋರಿಹೋಗದ ಹಾಗೆ ಏನು ಮಾಡಿದ್ದೀರಿ? ಈ ಎರಡಕ್ಕೆ ಉತ್ತರ ಸಿಕ್ಕರೆ ಯಾವ ಒಲೆ ಅನ್ನುವುದು ತಾನಾಗಿ ತಿಳಿಯುತ್ತದೆ. ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ.

ನಾವು ನಮ್ಮ ಮನೆಯಲ್ಲಿ ಇದನ್ನು ಉಲ್ಟಾ ಮಾಡಿದೆವು. ಮೊದಲು ಒಲೆ ತಂದೆವು. ಅಟ್ಟಕ್ಕೆ ಬಿಸಿ ಸೋರದ ಹಾಗೆ ತಡೆಯುವ ಹೊದಿಕೆ, ಅಂದರೆ ಇನ್ಸುಲೇಶನ್, ಇರಲಿಲ್ಲ. ಕಿಟಕಿಗಳೆಲ್ಲ ಒಂದೇ ಗಾಜಿನವು. ಬಾಗಿಲ ಕೆಳಗಿನ ಸಂದಿನಲ್ಲಿ ಕೈಬೆರಳು ತೂರುತ್ತಿತ್ತು. ಆ ಮೊದಲ ಚಳಿಗಾಲದಲ್ಲಿ ನಾವು ಸುಟ್ಟ ಸೌದೆ ನೆನಪಿಸಿಕೊಂಡರೆ ಈಗಲೂ ಸಂಕಟವಾಗುತ್ತದೆ. ಒಲೆಯ ಮುಂದೆ ಬೆವರು, ಪಕ್ಕದ ಕೋಣೆಯಲ್ಲಿ ನಡುಕ. ಬೆಳಗ್ಗೆ ಏಳುವಷ್ಟರಲ್ಲಿ ಮನೆಯೆಲ್ಲ ತಣ್ಣಗೆ. ಒಲೆಯದೇನೂ ತಪ್ಪಿರಲಿಲ್ಲ. ನಾವು ತೂತು ಕೊಡಕ್ಕೆ ನೀರು ತುಂಬುತ್ತಿದ್ದೆವು ಅಷ್ಟೆ.

ಆ ತೂತಿನ ಲೆಕ್ಕ ಕಷ್ಟದ್ದಲ್ಲ. ಒಳಗೂ ಹೊರಗೂ 20 ಡಿಗ್ರಿ ವ್ಯತ್ಯಾಸ ಇದೆ ಅಂದುಕೊಳ್ಳಿ. ಒಂಬತ್ತು ಇಂಚಿನ ಹಳೆಯ ಇಟ್ಟಿಗೆ ಗೋಡೆ, ಹತ್ತು ಚದರ ಮೀಟರ್. ಅದರಿಂದ ಹೊತ್ತೂ ಹೊತ್ತೂ ಸುಮಾರು 400 ವ್ಯಾಟ್ ಶಾಖ ಹೊರಗೆ ಹೋಗುತ್ತಿರುತ್ತದೆ. ಅದೇ ಗೋಡೆಗೆ ಹತ್ತು ಸೆಂಟಿಮೀಟರ್ ದಪ್ಪದ ಇನ್ಸುಲೇಶನ್ ಹಾಕಿದರೆ ಸುಮಾರು 65 ವ್ಯಾಟಿಗೆ ಇಳಿಯುತ್ತದೆ. ಎರಡು ಚದರ ಮೀಟರಿನ ಒಂಟಿ ಗಾಜಿನ ಕಿಟಕಿ ಒಂದೇ 200 ವ್ಯಾಟ್ ಕಳೆಯುತ್ತದೆ. ಇದರ ಮೇಲೆ ಸಂದುಗೊಂದಿನಿಂದ ನುಗ್ಗುವ ತಣ್ಣನೆ ಗಾಳಿ ಬೇರೆ.

ಎಲ್ಲಿಂದ ಶುರು ಮಾಡಬೇಕು ಅಂದರೆ, ಅಟ್ಟ. ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ, ಅಟ್ಟಕ್ಕೆ ಹೊದಿಕೆ ಹಾಸುವ ಕೆಲಸ ಸುಲಭ, ಖರ್ಚೂ ಕಡಿಮೆ. ಆಮೇಲೆ ಸಂದು ಮುಚ್ಚುವುದು. ಬಾಗಿಲಿಗೆ ದೊಡ್ಡ ಫ್ಯಾನ್ ಕಟ್ಟಿ, ಮನೆಯ ಒಳಗೂ ಹೊರಗೂ 50 ಪಾಸ್ಕಲ್ ಒತ್ತಡದ ವ್ಯತ್ಯಾಸ ಮಾಡಿ, ಗಾಳಿ ಎಲ್ಲೆಲ್ಲಿ ಸೋರುತ್ತದೆ ಎಂದು ನೋಡುವ ಪರೀಕ್ಷೆ ಒಂದಿದೆ. ಮಾಡಿಸಿದರೆ ಒಳ್ಳೆಯದು. ಇಲ್ಲದಿದ್ದರೆ ಗಾಳಿ ಬೀಸುವ ದಿನ ಊದುಬತ್ತಿ ಹಚ್ಚಿಕೊಂಡು ಕಿಟಕಿ, ಬಾಗಿಲು, ನೆಲದ ಅಂಚು, ಪೈಪು ಗೋಡೆ ತೂರುವ ಜಾಗ ಎಲ್ಲ ಸುತ್ತಿ ಬನ್ನಿ. ಹೊಗೆ ಅಲುಗಿದ ಕಡೆ ಗುರುತು ಹಾಕಿ.

ಹಳೆಯ ಮನೆಗೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆ ತೇವ ಕುಡಿಯುತ್ತದೆ, ತೇವ ಬಿಡುತ್ತದೆ. ಅದರ ಬದುಕೇ ಹಾಗೆ. ಅದಕ್ಕೆ ಒಳಗಡೆಯಿಂದ ಪ್ಲಾಸ್ಟಿಕ್ ತರಹದ ಹೊದಿಕೆ ಹಾಕಿ ಬಿಗಿದರೆ ತೇವ ಒಳಗೇ ಸಿಕ್ಕಿಕೊಳ್ಳುತ್ತದೆ. ಬೂಸ್ಟು ಹಿಡಿಯುತ್ತದೆ, ತೊಲೆಯ ತುದಿ ಕೊಳೆಯುತ್ತದೆ. ಮರದ ನಾರಿನ ಹಲಗೆ, ಸುಣ್ಣದ ಗಿಲಾವು, ಇಂಥ ಆವಿ ಆಡುವ ವಸ್ತುಗಳು ಅಲ್ಲಿಗೆ ಸರಿ. ಮೊದಲು ಮಳೆನೀರು ಎಲ್ಲಿಂದಾದರೂ ಗೋಡೆಗೆ ಇಳಿಯುತ್ತಿದೆಯಾ ಎಂದು ನೋಡಿ ಅದನ್ನು ನಿಲ್ಲಿಸಿ. ಒದ್ದೆ ಗೋಡೆ ಒಣ ಗೋಡೆಗಿಂತ ಬೇಗ ಶಾಖ ಕಳೆಯುತ್ತದೆ.

ಹೊದಿಕೆಯಿಂದ ಏನು ಉಳಿಯುತ್ತದೆ ಅಂತ ಸೌದೆಯ ಲೆಕ್ಕದಲ್ಲೇ ಹೇಳುತ್ತೇನೆ. ವರ್ಷಕ್ಕೆ 20,000 ಯೂನಿಟ್ ಶಾಖ ಬೇಡುವ ಹಳೆಯ ಮನೆ. ಯೂನಿಟ್ ಅಂದರೆ ಕರೆಂಟ್ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್, ಕಿಲೋವ್ಯಾಟ್ ಗಂಟೆ. ಚೆನ್ನಾಗಿ ಒಣಗಿದ ಸೌದೆ ಕಿಲೋಗೆ ಸುಮಾರು 4 ಯೂನಿಟ್ ಕೊಡುತ್ತದೆ. ಒಲೆ ಅದರಲ್ಲಿ ನೂರಕ್ಕೆ 80 ಪಾಲು ಮನೆಗೆ ದಾಟಿಸಿದರೂ ವರ್ಷಕ್ಕೆ ಆರು ಟನ್ನಿಗಿಂತ ಜಾಸ್ತಿ ಸೌದೆ ಬೇಕು. ಕಡಿಯಬೇಕು, ಸೀಳಬೇಕು, ಒಟ್ಟಬೇಕು, ಹೊರಬೇಕು, ಬೂದಿ ಎತ್ತಬೇಕು. ಅದೇ ಮನೆ ಹೊದಿಕೆ ಹೊದ್ದು 12,000 ಯೂನಿಟ್ಟಿಗೆ ಇಳಿದು, ಅದರಲ್ಲಿ 3,000 ಯೂನಿಟ್ ಬಿಸಿಲಿನಿಂದ ಬಂದರೆ, ಸೌದೆ ಮೂರು ಟನ್ನಿಗಿಂತ ಕಡಿಮೆ ಸಾಕು. ಅರವತ್ತು ದಾಟಿದವರಿಗೂ ನಿಭಾಯಿಸಬಹುದಾದ ಕೆಲಸ ಅದು. ಆರು ಟನ್ ಹಾಗಲ್ಲ. ವಯಸ್ಸಾಗುತ್ತಾ ಹೋಗುವವರು ನಾವೆಲ್ಲ, ಇದನ್ನು ಈಗಲೇ ಯೋಚಿಸಬೇಕು ಅಲ್ವಾ?

ಗ್ಯಾಸ್ ಬಾಯ್ಲರ್ ಇನ್ನೂ ಇರುವಾಗಲೇ ಮಾಡಬೇಕಾದ ಒಂದು ಪರೀಕ್ಷೆ ಇದೆ. ಇದಕ್ಕೆ ಒಂದು ಪೈಸೆಯೂ ಬೇಡ. ಸಾಮಾನ್ಯವಾಗಿ ಬಾಯ್ಲರ್ 70, 75 ಡಿಗ್ರಿಯ ನೀರನ್ನು ರೇಡಿಯೇಟರಿಗೆ ಕಳಿಸುತ್ತಿರುತ್ತದೆ. ಚೆನ್ನಾಗಿ ಚಳಿ ಇರುವ ಒಂದು ವಾರ ಅದನ್ನು 50ಕ್ಕೆ ಇಳಿಸಿ. ಮನೆ ಬೆಚ್ಚಗೇ ಉಳಿದರೆ ನಿಮ್ಮ ರೇಡಿಯೇಟರುಗಳು ಸಾಕಷ್ಟು ದೊಡ್ಡವು. ಒಂದೆರಡು ಕೋಣೆ ತಣ್ಣಗಾದರೆ ಆ ಕೋಣೆಗಳ ರೇಡಿಯೇಟರ್ ಮಾತ್ರ ದೊಡ್ಡದು ಮಾಡಿಸಿ. ನೀರು ಕೋಣೆಗಿಂತ 50 ಡಿಗ್ರಿ ಬಿಸಿ ಇದ್ದಾಗ ಕೊಡುವ ಶಾಖದಲ್ಲಿ, 30 ಡಿಗ್ರಿ ಬಿಸಿ ಇದ್ದಾಗ ರೇಡಿಯೇಟರ್ ಅರ್ಧದಷ್ಟನ್ನು ಮಾತ್ರ ಕೊಡುತ್ತದೆ. ಆದರೆ ಹಳೆಯ ಮನೆಗಳಲ್ಲಿ ರೇಡಿಯೇಟರುಗಳನ್ನು ಸೋರುವ ಮನೆಗೆ ತಕ್ಕಂತೆ ದೊಡ್ಡದಾಗಿ ಹಾಕಿರುತ್ತಾರೆ. ಹೊದಿಕೆ ಆದ ಮೇಲೆ ಅವೇ ಸಾಕಾಗುವುದುಂಟು.

50 ಡಿಗ್ರಿಯ ಮೇಲೆ ನನಗೇಕೆ ಇಷ್ಟು ಹಟ ಅಂದರೆ, ಚಳಿಗಾಲದ ಬಿಸಿಲು ಕೊಡುವ ನೀರು ಬಹಳ ಬಿಸಿ ಇರುವುದಿಲ್ಲ. 40, 45 ಡಿಗ್ರಿಯ ನೀರನ್ನು ಬಳಸಬಲ್ಲ ಮನೆಗೆ ಆ ಬಿಸಿಲು ದಕ್ಕುತ್ತದೆ. 70 ಬೇಕೇ ಬೇಕು ಅನ್ನುವ ಮನೆಗೆ ದಕ್ಕುವುದಿಲ್ಲ. ಟ್ಯಾಂಕಿನಲ್ಲಿ ಕೂಡಿಟ್ಟ ಬಿಸಿಯೂ ಅಷ್ಟೆ. 85ರಿಂದ 70ಕ್ಕೆ ಇಳಿಯುವವರೆಗೆ ಬಳಸುವುದಕ್ಕೂ, 85ರಿಂದ 40ಕ್ಕೆ ಇಳಿಯುವವರೆಗೆ ಬಳಸುವುದಕ್ಕೂ ಮೂರು ಪಟ್ಟು ವ್ಯತ್ಯಾಸ.

ಈಗ ಆ ಟ್ಯಾಂಕಿನ ಮಾತಿಗೇ ಬರೋಣ. ಈ ಇಡೀ ಏರ್ಪಾಡಿನ ಹೃದಯ ಅದು. ಒಂದು ದೊಡ್ಡ ಉಕ್ಕಿನ ಟ್ಯಾಂಕ್, ಸುತ್ತ ಒಂದು ಗೇಣಿನಷ್ಟಾದರೂ ದಪ್ಪದ ಹೊದಿಕೆ, ಒಳಗೆ ಬರೀ ನೀರು. ಬಫರ್ ಟ್ಯಾಂಕ್ ಅನ್ನುತ್ತಾರೆ. ಸಾವಿರ ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು 1.16 ಯೂನಿಟ್ ಬೇಕು. ಎರಡು ಸಾವಿರ ಲೀಟರ್ ನೀರನ್ನು 40ರಿಂದ 85ಕ್ಕೆ ಏರಿಸಿದರೆ ಅದರಲ್ಲಿ 100 ಯೂನಿಟ್ಟಿಗಿಂತ ಸ್ವಲ್ಪ ಜಾಸ್ತಿ ಶಾಖ ಕೂತಿರುತ್ತದೆ. ಈಗ ಸೌದೆ ಬಾಯ್ಲರ್ ನೋಡಿ. ಒಂದು ಸಲಕ್ಕೆ 30 ಕಿಲೋ ಒಣ ಸೌದೆ ತುಂಬುವ ಒಳ್ಳೆಯ ಬಾಯ್ಲರ್ ಒಂದು ಉರಿಗೆ ಹೆಚ್ಚುಕಡಿಮೆ ಅದೇ 100 ಯೂನಿಟ್ ಕೊಡುತ್ತದೆ. 25 ಕಿಲೋವ್ಯಾಟಿನದಾದರೆ ನಾಲ್ಕು ಗಂಟೆಯ ಕೆಲಸ. ಮನೆ ಆ ಹೊತ್ತಿನಲ್ಲಿ 5 ಕಿಲೋವ್ಯಾಟ್ ಕೇಳುತ್ತಿದ್ದರೆ ಆ ಒಂದು ಉರಿ ಇಪ್ಪತ್ತು ಗಂಟೆಗೆ ಸಾಕು. ದಿನಕ್ಕೆ ಒಂದು ಸಲ ಹೊತ್ತಿಸಿ, ಪೂರ್ತಿ ಉರಿಯಲು ಬಿಟ್ಟು, ಮರೆತುಬಿಡಬಹುದು. ಬೆಳಗ್ಗೆ ಗೋಡೆಯ ಗುಂಡಿ ತಿರುಗಿಸಿದರೆ ಟ್ಯಾಂಕಿನಿಂದ ಬಿಸಿ ಬರುತ್ತದೆ. ಗ್ಯಾಸಿನಲ್ಲಿದ್ದ ಆ ಸುಖ ಹೀಗೆ ಮತ್ತೆ ಸಿಗುತ್ತದೆ.

ಟ್ಯಾಂಕ್ ಇಲ್ಲದೆ ಸೌದೆ ಬಾಯ್ಲರ್ ಹಾಕಿದರೆ ಆಗುವುದು ಬೇರೆ. ಮನೆ ಬೆಚ್ಚಗಾಗುತ್ತದೆ, ಬಾಯ್ಲರಿಗೆ ಕೆಲಸ ಇರುವುದಿಲ್ಲ. ಆಗ ಗಾಳಿ ಮುಚ್ಚಿ ಬೆಂಕಿಯನ್ನು ಸಣ್ಣಗೆ ಮಾಡುತ್ತಾರೆ. ಸಣ್ಣ ಬೆಂಕಿ ಹೊಗೆಯಾಡುತ್ತದೆ, ಹೊಗೆ ಚಿಮ್ನಿಯಲ್ಲಿ ಟಾರಿನಂತೆ ಮೆತ್ತುತ್ತದೆ, ಒಂದು ದಿನ ಅದೇ ಹೊತ್ತಿಕೊಳ್ಳುತ್ತದೆ. ಹಾಗಾಗಿ ಬಾಯ್ಲರಿನ ಪ್ರತಿ ಕಿಲೋವ್ಯಾಟಿಗೆ ಕನಿಷ್ಠ 50 ಲೀಟರ್ ಟ್ಯಾಂಕ್ ಇರಲಿ ಅನ್ನುವುದು ರೂಢಿಯ ಲೆಕ್ಕ. ನನ್ನ ಮಾತು ಕೇಳಿದರೆ 80, 100 ಲೀಟರಿಗೆ ಹೋಗಿ. ಚಿಕ್ಕ ಟ್ಯಾಂಕ್ ಹಾಕಿ ಆಮೇಲೆ ಬೇಜಾರು ಪಟ್ಟವರನ್ನು ಬಹಳ ನೋಡಿದ್ದೇನೆ.

ಟ್ಯಾಂಕಿನಲ್ಲಿ ಬಿಸಿನೀರು ಮೇಲೆ, ತಣ್ಣೀರು ಕೆಳಗೆ ಪದರ ಪದರವಾಗಿ ನಿಲ್ಲುತ್ತದೆ. ಆ ಪದರ ಕಲಕಬಾರದು. ಕೆಳಗಿನ ತಣ್ಣನೆ ಪದರ ಸೋಲಾರಿಗೆ ಬೇಕು, ಮೇಲಿನ ಬಿಸಿ ಪದರ ಸ್ನಾನಕ್ಕೆ ಬೇಕು. ಅದಕ್ಕೇ ಎತ್ತರದ ಒಂದೇ ಟ್ಯಾಂಕ್ ಇದ್ದರೆ ಚೆಂದ. ಆದರೆ ಹಳೆಯ ಮನೆಯ ಬಾಗಿಲು ಅಗಲ ಇರುವುದಿಲ್ಲ, ಸೂರು ತಗ್ಗು. ಕೊಳ್ಳುವ ಮುಂಚೆ ಬಾಗಿಲು, ಮೆಟ್ಟಿಲು, ತಿರುವು ಎಲ್ಲ ಅಳೆಯಿರಿ. ಟ್ಯಾಂಕನ್ನು ಓರೆಯಾಗಿಸಿ ನಿಲ್ಲಿಸುವಾಗ ಮೂಲೆಯಿಂದ ಮೂಲೆಗೆ ಎಷ್ಟಾಗುತ್ತದೆ ಅನ್ನುವುದನ್ನೂ ಲೆಕ್ಕ ಹಾಕಿ. ನೀರು ತುಂಬಿದ ಮೇಲೆ ಎರಡು ಟನ್ನಿಗೂ ಮೀರಿದ ಭಾರ ಅದು. ಮರದ ನೆಲದ ಮೇಲೆ ಇಡುವ ವಿಚಾರವೇ ಬೇಡ.

ಬಾಯ್ಲರಿಗೂ ಟ್ಯಾಂಕಿಗೂ ನಡುವೆ ಒಂದು ಮಿಶ್ರಣದ ವಾಲ್ವ್ ಬೇಕು. ಬಾಯ್ಲರಿಗೆ ವಾಪಸ್ ಬರುವ ನೀರು 55, 60 ಡಿಗ್ರಿಗಿಂತ ತಣ್ಣಗಿರದ ಹಾಗೆ ಅದು ನೋಡಿಕೊಳ್ಳುತ್ತದೆ. ತಣ್ಣೀರು ನೇರವಾಗಿ ಬಂದರೆ ಬಾಯ್ಲರಿನ ಒಳಮೈ ತಣ್ಣಗಾಗಿ ಹೊಗೆಯಲ್ಲಿನ ಆವಿ ಅಲ್ಲೇ ಇಳಿಯುತ್ತದೆ. ಆ ಹುಳಿ ನೀರು ಕೆಲವೇ ವರ್ಷಗಳಲ್ಲಿ ಉಕ್ಕನ್ನು ತಿಂದುಹಾಕುತ್ತದೆ.

ದೊಡ್ಡ ಟ್ಯಾಂಕ್, ದೊಡ್ಡ ಖರ್ಚು ಬೇಡ ಅನ್ನುವವರಿಗೆ ಹಳೆಯ ದಾರಿ ಒಂದಿದೆ. ಇಟ್ಟಿಗೆ, ಕಲ್ಲಿನಲ್ಲಿ ಕಟ್ಟಿದ ಭಾರೀ ಒಲೆ. ಒಂದು, ಎರಡು ಟನ್ ತೂಕ. ಒಂದೆರಡು ಗಂಟೆ ಜೋರಾಗಿ ಉರಿಸಿದರೆ ಹೊಗೆ ಇಟ್ಟಿಗೆಯ ಸುತ್ತುದಾರಿಯಲ್ಲಿ ಸುತ್ತಿ ಸುತ್ತಿ ಶಾಖ ಬಿಟ್ಟು ಹೋಗುತ್ತದೆ. ಇಟ್ಟಿಗೆ ಅದನ್ನು ಹಗಲಿಡೀ ಮೆಲ್ಲಗೆ ಕೊಡುತ್ತದೆ. ಇಲ್ಲಿ ಬಿಸಿ ಕೂಡಿಡುವ ಜಾಗ ಒಲೆಯೇ. ನಡುಮನೆ ದೊಡ್ಡದಿದ್ದು ಕೋಣೆಗಳು ಅದರ ಸುತ್ತ ಇದ್ದರೆ ಇದಕ್ಕಿಂತ ಹಿತವಾದ ಬಿಸಿ ನಾನು ಕಂಡಿಲ್ಲ. ಉದ್ದಕ್ಕೆ ಹರಡಿಕೊಂಡ, ಹಲವು ಬಾಗಿಲುಗಳ ಮನೆಗೆ ಮಾತ್ರ ಇದು ಹೊಂದುವುದಿಲ್ಲ.

ಇನ್ನು ಸೌದೆ. ಎಲ್ಲರೂ ಯಾವ ಮರ ಒಳ್ಳೆಯದು ಅಂತ ಕೇಳುತ್ತಾರೆ. ಕಿಲೋ ಲೆಕ್ಕದಲ್ಲಿ ಎಲ್ಲ ಮರವೂ ಹೆಚ್ಚುಕಡಿಮೆ ಒಂದೇ. ಗಟ್ಟಿ ಮರ ಕಡಿಮೆ ಜಾಗದಲ್ಲಿ ಜಾಸ್ತಿ ತೂಗುತ್ತದೆ, ಅದೇ ಅದರ ಲಾಭ. ನಿಜವಾದ ಪ್ರಶ್ನೆ, ಅದರಲ್ಲಿ ನೀರೆಷ್ಟು? ಈಗಷ್ಟೇ ಕಡಿದ ಮರದ ತೂಕದಲ್ಲಿ ಅರ್ಧ ನೀರು. ಅದು ಕಿಲೋಗೆ ಸುಮಾರು 2.3 ಯೂನಿಟ್ ಮಾತ್ರ ಕೊಡುತ್ತದೆ. ನೂರಕ್ಕೆ 20 ಪಾಲು ತೇವಕ್ಕೆ ಒಣಗಿದರೆ 4 ಯೂನಿಟ್. ಒಲೆಯೊಳಗೆ ಒಂದೊಂದು ಲೀಟರ್ ನೀರನ್ನು ಆವಿ ಮಾಡಿ ಕಳಿಸಲು ಸುಮಾರು 0.7 ಯೂನಿಟ್ ಸುಮ್ನೆ ಹೋಗುತ್ತದೆ. ಅದಕ್ಕಿಂತ ಕೆಟ್ಟದ್ದು, ಆ ನೀರು ಬೆಂಕಿಯನ್ನು ತಣ್ಣಗಿಡುತ್ತದೆ.

ಅದು ಯಾಕೆ ಕೆಟ್ಟದ್ದು ಅಂತ ತಿಳಿಯಲು ಸೌದೆ ಹೇಗೆ ಉರಿಯುತ್ತದೆ ಅನ್ನುವುದು ಗೊತ್ತಿರಬೇಕು. ಸೌದೆಯ ತುಂಡು ತಾನೇ ಉರಿಯುವುದು ಕಡಿಮೆ. ಮೊದಲು ಅದರ ನೀರು ಆರುತ್ತದೆ. ಆಮೇಲೆ ಕಾವಿಗೆ ಮರ ಒಡೆದು ಉರಿಯುವ ಅನಿಲಗಳನ್ನು ಬಿಡುತ್ತದೆ. ನಾವು ಕಾಣುವ ಜ್ವಾಲೆ ಆ ಅನಿಲದ್ದು. ಒಣ ಮರದ ತೂಕದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಹೀಗೆ ಅನಿಲವಾಗಿಯೇ ಹೊರಡುತ್ತದೆ. ಉಳಿದದ್ದು ಇದ್ದಿಲು, ಕೊನೆಗೆ ಕೆಂಡವಾಗಿ ಉರಿಯುತ್ತದೆ. ಅನಿಲ ಪೂರ್ತಿ ಉರಿಯಬೇಕಾದರೆ ಜಾಸ್ತಿ ಕಾವು ಬೇಕು, ಮೇಲಿನಿಂದ ಎರಡನೇ ಸಲ ಗಾಳಿ ಬೇಕು. ಹಸಿ ಸೌದೆ ಹಾಕಿದರೆ ಕಾವು ಸಾಲದು, ಗಾಳಿ ಮುಚ್ಚಿದರೆ ಉಸಿರು ಸಾಲದು. ಎರಡೂ ಸಂದರ್ಭದಲ್ಲಿ ಉರಿಯದ ಅನಿಲ ಹೊಗೆಯಾಗಿ ಹೋಗುತ್ತದೆ. ಚಿಮ್ನಿಯಿಂದ ಹೊಗೆ ಕಂಡರೆ ಅದು ನಾವು ಕಷ್ಟಪಟ್ಟು ಸೀಳಿ ಒಟ್ಟಿದ ಸೌದೆಯೇ ಉರಿಯದೆ ಹೋಗುತ್ತಿರುವುದು. ಸೌದೆಯ ಅನಿಲವನ್ನು ಬೇರೆ ಕೋಣೆಗೆ ಎಳೆದು, ಅಲ್ಲಿ ಸುಮಾರು ಸಾವಿರ ಡಿಗ್ರಿಯ ಕಾವಿನಲ್ಲಿ ಉರಿಸುವ ಬಾಯ್ಲರುಗಳಿವೆ. ಟ್ಯಾಂಕಿನ ಜೊತೆ ಅವು ಒಳ್ಳೆಯ ಜೋಡಿ.

ಒಣಗಿಸುವ ವಿಧಾನ ಎಲ್ಲರಿಗೂ ಗೊತ್ತು ಅಂದುಕೊಳ್ಳುತ್ತೇವೆ, ಆದರೆ ತಪ್ಪುಗಳೆಲ್ಲ ಇಲ್ಲೇ. ಸೌದೆ ಸೀಳಿಯೇ ಒಣಗಿಸಬೇಕು, ತೊಗಟೆ ನೀರನ್ನು ಬಿಡುವುದಿಲ್ಲ. ನೆಲದಿಂದ ಒಂದು ಗೇಣು ಎತ್ತರದಲ್ಲಿ ಒಟ್ಟಬೇಕು. ಮೇಲೆ ಮಾತ್ರ ಮುಚ್ಚಿ, ಪಕ್ಕಗಳು ಗಾಳಿಗೆ ತೆರೆದಿರಲಿ. ಪೂರ್ತಿ ಟಾರ್ಪಾಲಿನ್ ಸುತ್ತಿದರೆ ಒಳಗೇ ಬೆವರಿ ಬೂಸ್ಟು ಹಿಡಿಯುತ್ತದೆ. ಒಂದು ವರ್ಷವಂತೂ ಬೇಕು, ಓಕ್‌ನಂಥ ಗಟ್ಟಿ ಮರಕ್ಕೆ ಎರಡಾದರೂ ಬೇಕು. ತೇವ ಅಳೆಯುವ ಸಣ್ಣ ಮೀಟರ್ ಸಿಗುತ್ತದೆ. ತುಂಡಿನ ತುದಿಗೆ ಚುಚ್ಚಿ ನೋಡಿದರೆ ಅದು ಒಣ ಅಂತಲೇ ತೋರಿಸುತ್ತದೆ. ಆಗಷ್ಟೇ ಸೀಳಿದ ಒಳಮುಖಕ್ಕೆ ಚುಚ್ಚಿ ನೋಡಿ.

ಒಲೆ ಹೊತ್ತಿಸುವಾಗ ದಪ್ಪ ತುಂಡು ಕೆಳಗೆ, ಸಣ್ಣ ಚಕ್ಕೆ ಮೇಲೆ ಇಟ್ಟು ಮೇಲಿನಿಂದ ಹಚ್ಚಿ. ಕೆಳಗಿನ ಸೌದೆ ಬಿಡುವ ಅನಿಲ ಮೇಲಿನ ಜ್ವಾಲೆಯನ್ನು ದಾಟಿಯೇ ಹೋಗಬೇಕಾಗುತ್ತದೆ. ಹೊಗೆ ಎಷ್ಟು ಕಡಿಮೆಯಾಗುತ್ತದೆ ಅನ್ನುವುದನ್ನು ಹೊರಗೆ ನಿಂತು ನೋಡಿದರೆ ಗೊತ್ತಾಗುತ್ತದೆ. ಅನಿಲವನ್ನು ಕೆಳಕ್ಕೆ ಎಳೆದು ಉರಿಸುವ ಬಾಯ್ಲರುಗಳಿಗೆ ಮಾತ್ರ ಅವುಗಳ ಕೈಪಿಡಿಯಲ್ಲಿರುವ ಕ್ರಮವೇ ಸರಿ.

ಈಗ ಚಿಮ್ನಿ. ದಯವಿಟ್ಟು ಇದನ್ನು ಲಘುವಾಗಿ ತೆಗೆದುಕೊಳ್ಳಬೇಡಿ. ಹೊಸ ಕಾಲದ ಗ್ಯಾಸ್ ಬಾಯ್ಲರಿನ ಹೊಗೆ ಕೊಳವೆ ಪ್ಲಾಸ್ಟಿಕ್ಕಿನದು ಇರುತ್ತದೆ, ಏಕೆಂದರೆ ಅದರ ಹೊಗೆ 50, 60 ಡಿಗ್ರಿ ಮಾತ್ರ. ಸೌದೆಯ ಹೊಗೆ 200 ಡಿಗ್ರಿ, ಕೆಲವೊಮ್ಮೆ ಅದಕ್ಕೂ ಮೇಲೆ. ಮಸಿ ಹೊತ್ತಿಕೊಂಡರೆ ಚಿಮ್ನಿಯೊಳಗೆ ಸಾವಿರ ಡಿಗ್ರಿ. ಗ್ಯಾಸಿನ ಕೊಳವೆಗೆ ಸೌದೆ ಒಲೆ ಜೋಡಿಸುವ ಮಾತೇ ಇಲ್ಲ. ಹಳೆಯ ಮನೆಯಲ್ಲಿ ಮೊದಲಿನ ಇಟ್ಟಿಗೆ ಚಿಮ್ನಿ ಇರುತ್ತದೆ, ಅದನ್ನು ಬಳಸಬಹುದು, ಆದರೆ ನೋಡಿಯೇ ಬಳಸಬೇಕು.

ನಮ್ಮ ಮನೆಯಲ್ಲಿ ಆದದ್ದು ಹೇಳುತ್ತೇನೆ. ಒಲೆ ಕೂರಿಸಲು ಬಂದವರು ಚಿಮ್ನಿಯ ಕೆಳಗಿನಿಂದ ಟಾರ್ಚ್ ಬಿಟ್ಟು ನೋಡಿ ಚೆನ್ನಾಗಿದೆ ಅಂದರು. ನಾವು ನಂಬಿದೆವು. ಎರಡನೇ ವಾರ ಮೇಲಿನ ಮಲಗುವ ಕೋಣೆಯಲ್ಲಿ ಹೊಗೆಯ ವಾಸನೆ. ಚಿಮ್ನಿ ಒಳಗೆ ಎರಡು ದಾರಿ ಇದ್ದವು, ನಡುವಿನ ಗೋಡೆಯ ಗಾರೆ ಉದುರಿಹೋಗಿತ್ತು. ಕೆಳಗಿನ ಒಲೆಯ ಹೊಗೆ ಮೇಲಿನ ಮುಚ್ಚಿದ ಒಲೆಗೂಡಿನಿಂದ ಕೋಣೆಗೆ ಇಳಿಯುತ್ತಿತ್ತು. ಆ ಕೋಣೆಯಲ್ಲಿ ಮಲಗುತ್ತಿದ್ದದ್ದು ಮಕ್ಕಳು. ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಬಂದರೆ ಕೂಗುವ ಅಲಾರಂ ಕೆಳಗೆ ಇತ್ತು, ಮೇಲೆ ಇರಲಿಲ್ಲ. ಅಂದು ಒಲೆ ಆರಿಸಿದವರು, ಸ್ಟೇನ್‌ಲೆಸ್ ಸ್ಟೀಲಿನ ಒಳಕೊಳವೆ ಇಳಿಸುವವರೆಗೆ ಮತ್ತೆ ಹಚ್ಚಲಿಲ್ಲ.

ಅದಕ್ಕೇ ಹೇಳುವುದು, ಚಿಮ್ನಿ ಗುಡಿಸಿಸಿ, ಕ್ಯಾಮೆರಾ ಇಳಿಸಿ ನೋಡಿ, ಹೊಗೆ ಪರೀಕ್ಷೆ ಮಾಡಿಸಿ. ಗ್ಯಾಸ್ ಸೋರಿದರೆ ವಾಸನೆ ಬರುವ ಹಾಗೆ ಅದಕ್ಕೆ ವಾಸನೆ ಬೆರೆಸಿರುತ್ತಾರೆ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಒಲೆ ಇರುವ ಕೋಣೆಯಲ್ಲಿ, ಚಿಮ್ನಿ ಹಾದುಹೋಗುವ ಪ್ರತಿ ಕೋಣೆಯಲ್ಲಿ ಅಲಾರಂ ಇರಲಿ. ಸಂದುಗಳನ್ನೆಲ್ಲ ಮುಚ್ಚಿದ ಮನೆಯಲ್ಲಿ ಒಲೆಗೆ ಗಾಳಿ ಎಲ್ಲಿಂದ ಬರಬೇಕು ಅನ್ನುವುದನ್ನೂ ಯೋಚಿಸಿ. ಹೊರಗಿನಿಂದ ನೇರ ಪೈಪಿನಲ್ಲಿ ಗಾಳಿ ತಂದುಕೊಡುವುದು ಸರಿಯಾದ ದಾರಿ. ಇಲ್ಲವಾದರೆ ಅಡುಗೆಮನೆಯ ಎಗ್ಸಾಸ್ಟ್ ಫ್ಯಾನ್ ಹಾಕಿದಾಗ ಚಿಮ್ನಿಯ ಹೊಗೆಯನ್ನು ಅದು ಮನೆಯೊಳಗೆ ಎಳೆಯಬಹುದು. ವರ್ಷಕ್ಕೊಮ್ಮೆಯಾದರೂ ಚಿಮ್ನಿ ಗುಡಿಸಬೇಕು, ಸೌದೆಯೇ ಮುಖ್ಯ ಆಸರೆಯಾದರೆ ಎರಡು ಸಲ.

ಬೂದಿಯ ಬಗ್ಗೆ ಒಂದೇ ಮಾತು. ಬೂದಿಯಲ್ಲಿ ಕೆಂಡ ಎರಡು ಮೂರು ದಿನವೂ ಜೀವ ಹಿಡಿದಿರುತ್ತದೆ. ಮುಚ್ಚಳ ಇರುವ ಲೋಹದ ಡಬ್ಬಿಗೆ ಹಾಕಿ, ಮನೆಯಿಂದ ದೂರ ಇಡಿ.

ಬಿಸಿಲಿಗೆ ಬರೋಣ. ಹದಿನೆಂಟನೇ ಶತಮಾನದಲ್ಲಿ ಒರಾಸ್ ಬೆನೆಡಿಕ್ಟ್ ದ ಸೊಸ್ಯೂರ್ ಅನ್ನುವ ವಿಜ್ಞಾನಿ ಗಾಜು ಮುಚ್ಚಿದ, ಹೊದಿಕೆ ಹಾಕಿದ ಪೆಟ್ಟಿಗೆಯನ್ನು ಬಿಸಿಲಿಗಿಟ್ಟು ಒಳಗೆ ನೀರು ಕುದಿಯುವುದಕ್ಕಿಂತ ಜಾಸ್ತಿ ಬಿಸಿ ಕಂಡರು. ಇವತ್ತು ಸೂರಿನ ಮೇಲೆ ಕಾಣುವ ಸೋಲಾರ್ ನೀರಿನ ಫಲಕ ಮೂಲದಲ್ಲಿ ಅದೇ ಪೆಟ್ಟಿಗೆ. ಅಂದರೆ ಬಿಸಿಲು ಹಿಡಿಯುವ ವಿದ್ಯೆ ಹಳೆಯದು. ಕಷ್ಟ ಇರುವುದು ಇಡುವುದರಲ್ಲಿ. 1939ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹಾಯ್ಟ್ ಹಾಟೆಲ್ ಮತ್ತು ಸಂಗಡಿಗರು ಒಂದು ಸೋಲಾರ್ ಮನೆ ಕಟ್ಟಿದರು. ಬೇಸಿಗೆಯ ಬಿಸಿಯನ್ನು ಚಳಿಗಾಲಕ್ಕೆ ಉಳಿಸಲು ಮನೆಯ ಅಡಿಯಲ್ಲೇ ಭಾರೀ ನೀರಿನ ತೊಟ್ಟಿ ಮಾಡಿದರು. ಕೆಲಸ ಮಾಡಿತು. ಆದರೆ ಸಾಮಾನ್ಯರು ಕಟ್ಟಿಸಿಕೊಳ್ಳಬಹುದಾದ ಖರ್ಚಿನಲ್ಲಿ ಅಲ್ಲ.

ಅದಕ್ಕೇ ಬೇಸಿಗೆಯ ಬಿಸಿಲಿನಿಂದ ಇಡೀ ಚಳಿಗಾಲ ಕಳೆಯುವ ಆಸೆ ಬಿಡಬೇಕು. 50ನೇ ಅಕ್ಷಾಂಶದಲ್ಲಿ ನಡುಚಳಿಗಾಲದ ಮಧ್ಯಾಹ್ನ ಸೂರ್ಯ ದಿಗಂತದಿಂದ ಹದಿನಾರು, ಹದಿನೇಳು ಡಿಗ್ರಿ ಮಾತ್ರ ಏರುತ್ತಾನೆ. ಹಗಲೂ ಚಿಕ್ಕದು, ಮೋಡವೂ ಜಾಸ್ತಿ. ನಡುಚಳಿಗಾಲದ ಎರಡು ತಿಂಗಳು ಸೌದೆಯದೇ. ಬಿಸಿಲಿನ ನಿಜವಾದ ಸಹಾಯ ಚಳಿ ಶುರುವಾಗುವ ಮತ್ತು ಮುಗಿಯುವ ತಿಂಗಳುಗಳಲ್ಲಿ. ಆಗ ಮನೆಗೆ ಸ್ವಲ್ಪವೇ ಬಿಸಿ ಸಾಕು, ಹೊರಗೆ ಬಿಸಿಲು ಇರುತ್ತದೆ. ಆ ದಿನಗಳಲ್ಲಿ ಸೌದೆ ಹೊತ್ತಿಸದೆ ಕಳೆಯಬಹುದು. ಬೇಸಿಗೆಯಲ್ಲಂತೂ ಸ್ನಾನದ ನೀರು ಪೂರ್ತಿ ಬಿಸಿಲಿನದೇ. ಬೇಸಿಗೆಯಲ್ಲಿ ಬರೀ ಸ್ನಾನಕ್ಕಾಗಿ ಸೌದೆ ಬಾಯ್ಲರ್ ಹಚ್ಚುವ ಕಷ್ಟ ತಪ್ಪುವುದೇ ನನ್ನ ಪ್ರಕಾರ ಸೋಲಾರಿನ ದೊಡ್ಡ ಉಪಕಾರ.

ಸ್ನಾನದ ನೀರಿಗೆ ಒಂದು ಸಂಸಾರಕ್ಕೆ ನಾಲ್ಕರಿಂದ ಆರು ಚದರ ಮೀಟರ್ ಫಲಕ ಸಾಕು. ಮನೆ ಬಿಸಿಗೂ ನೆರವಾಗಬೇಕಾದರೆ ಹತ್ತು ಅಥವಾ ಅದಕ್ಕಿಂತ ಜಾಸ್ತಿ. ಹಾಗೆ ಜಾಸ್ತಿ ಹಾಕಿದಾಗ ಬೇಸಿಗೆಯಲ್ಲಿ ಟ್ಯಾಂಕ್ ತುಂಬಿ ಫಲಕ ಕುದಿಯುವ ತೊಂದರೆ ಇದೆ. ಒಳಗಿನ, ಚಳಿಗೆ ಹೆಪ್ಪುಗಟ್ಟದ ಆಂಟಿಫ್ರೀಜ್ ದ್ರವ ಮತ್ತೆ ಮತ್ತೆ ಅತಿಯಾಗಿ ಕಾದರೆ ಕೆಡುತ್ತದೆ. ಇದಕ್ಕೆ ಸರಳ ಉಪಾಯ, ಫಲಕವನ್ನು ಕಡಿದಾಗಿ, 60ರಿಂದ 70 ಡಿಗ್ರಿ ಓರೆಯಲ್ಲಿ, ಗೋಡೆಗೋ ಅಂಗಳದ ಚೌಕಟ್ಟಿಗೋ ಕೂರಿಸುವುದು. ಚಳಿಗಾಲದ ತಗ್ಗು ಸೂರ್ಯ ನೇರ ಬೀಳುತ್ತಾನೆ, ಬೇಸಿಗೆಯ ಎತ್ತರದ ಸೂರ್ಯ ಜಾರಿಹೋಗುತ್ತಾನೆ, ಹಿಮವೂ ನಿಲ್ಲುವುದಿಲ್ಲ. ಪಂಪ್ ನಿಂತಾಗ ದ್ರವವೆಲ್ಲ ಕೆಳಗಿಳಿದು ಫಲಕ ಖಾಲಿಯಾಗುವ ವ್ಯವಸ್ಥೆಯೂ ಇದೆ, ಅದೂ ಒಳ್ಳೆಯದೇ.

ಕರೆಂಟ್ ಕೊಡುವ ಸೋಲಾರ್ ಹಾಕಲಾ, ನೀರು ಬಿಸಿ ಮಾಡುವ ಸೋಲಾರ್ ಹಾಕಲಾ ಅಂತ ಕೇಳುವವರು ಈಗ ಜಾಸ್ತಿ. ನೀರಿನ ಫಲಕ ಒಳ್ಳೆಯ ಬಿಸಿಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಶಾಖ ಹಿಡಿಯುತ್ತದೆ, ಕರೆಂಟಿನ ಫಲಕ ನೂರಕ್ಕೆ 20, 22 ಪಾಲು. ಸೂರು ಚಿಕ್ಕದಿದ್ದರೆ ನೀರಿನ ಫಲಕ ಗೆಲ್ಲುತ್ತದೆ. ಆದರೆ ಕರೆಂಟಿನ ಫಲಕಕ್ಕೆ ಪೈಪಿಲ್ಲ, ಪಂಪಿಲ್ಲ, ಹೆಪ್ಪುಗಟ್ಟುವ ಭಯವಿಲ್ಲ, ಮಿಕ್ಕ ಕರೆಂಟ್ ಬೇರೆ ಕೆಲಸಕ್ಕೂ ಆಗುತ್ತದೆ. ಸೂರು ದೊಡ್ಡದಿದ್ದರೆ ನಾನು ಇವತ್ತು ಕರೆಂಟಿನದನ್ನೇ ಹಾಕಿ, ಮಿಕ್ಕದ್ದನ್ನು ಟ್ಯಾಂಕಿನೊಳಗಿನ ಹೀಟರಿಗೆ ಕಳಿಸುತ್ತೇನೆ.

ಕರೆಂಟ್ ಹೋದಾಗ ಏನು? ಗ್ಯಾಸ್ ಬಾಯ್ಲರ್ ಸುಮ್ಮನೆ ನಿಲ್ಲುತ್ತದೆ. ಸೌದೆ ಉರಿಯುತ್ತಲೇ ಇರುತ್ತದೆ, ಪಂಪ್ ಮಾತ್ರ ನಿಂತಿರುತ್ತದೆ. ನೀರು ಕುದಿದರೆ ಅಪಾಯ. ನೀರು ಸುಮಾರು 95 ಡಿಗ್ರಿ ಮುಟ್ಟಿದಾಗ ಕರೆಂಟ್ ಇಲ್ಲದೆ ತಾನಾಗಿ ತೆರೆದು, ಬಾಯ್ಲರಿನೊಳಗಿನ ಸುರುಳಿಗೆ ನಲ್ಲಿಯ ತಣ್ಣೀರು ಹರಿಸುವ ವಾಲ್ವ್ ಇರಲೇಬೇಕು. ಬಾವಿಯ ಪಂಪಿನಿಂದ ನೀರು ಬರುವ ಮನೆಯಾದರೆ ಕರೆಂಟ್ ಹೋದಾಗ ಆ ನೀರೂ ಇರುವುದಿಲ್ಲ. ಅಲ್ಲಿ ಪಂಪಿಲ್ಲದೆ ತಾನಾಗಿ ನೀರು ಸುತ್ತುವ ಹಾಗೆ ಪೈಪು ಹಾಕಿಸಬೇಕು, ಅಥವಾ ಪಂಪಿಗೆ ಬ್ಯಾಟರಿ ಬೇಕು. ನೀರು ಬಿಸಿಯಾದಾಗ ಹಿಗ್ಗುತ್ತದೆ ಅನ್ನುವುದನ್ನೂ ಮರೆಯಬಾರದು. ಎರಡು ಸಾವಿರ ಲೀಟರ್ ನೀರು 85 ಡಿಗ್ರಿಗೆ ಬರುವಷ್ಟರಲ್ಲಿ 60 ಲೀಟರ್ ಹಿಗ್ಗಿರುತ್ತದೆ. ಹಿಗ್ಗಿದ ನೀರು ಹಿಡಿಯಲು ಗ್ಯಾಸ್ ಬಾಯ್ಲರಿಗೆ ಇರುವ ಪುಟ್ಟ ಎಕ್ಸ್‌ಪ್ಯಾನ್ಶನ್ ಪಾತ್ರೆ ಅದಕ್ಕೆ ಸಾಲುವುದಿಲ್ಲ. ಈ ಕೆಲಸಗಳನ್ನು ಸೌದೆ ಬಾಯ್ಲರ್ ಹಾಕಿ ಅನುಭವ ಇರುವವರ ಕೈಯಲ್ಲೇ ಮಾಡಿಸಿ.

ಒಬ್ಬರು ಮೊದಲೇ ಚೀಟಿಯಲ್ಲಿ ಪ್ರಶ್ನೆ ಕೊಟ್ಟಿದ್ದರು: ಸೌದೆ ಸುಡುವುದು ಪರಿಸರಕ್ಕೆ ಒಳ್ಳೆಯದೇನಾ? ಇದಕ್ಕೆ ನೇರವಾಗಿ ಉತ್ತರಿಸಬೇಕು. ಚಿಮ್ನಿಯ ಬಾಯಲ್ಲಿ ಅಳೆದರೆ ಒಂದು ಯೂನಿಟ್ ಶಾಖಕ್ಕೆ ಸೌದೆ ಸುಮಾರು 0.4 ಕಿಲೋ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ, ಗ್ಯಾಸ್ 0.2 ಕಿಲೋ. ಸೌದೆಯದು ಮರ ಮತ್ತೆ ಬೆಳೆದಾಗ ವಾಪಸ್ ಹೋಗುತ್ತದೆ, ಗ್ಯಾಸಿನದು ಹೋಗುವುದಿಲ್ಲ. ಆದರೆ ಮರ ಬೆಳೆಯಲು ಹತ್ತಾರು ವರ್ಷ ಬೇಕು. ಗಾಳಿಗೆ ಬಿದ್ದ ಮರ, ಸವರಿದ ಕೊಂಬೆ, ಮರದ ಕೆಲಸದಲ್ಲಿ ಮಿಕ್ಕ ತುಂಡು, ಇವುಗಳಿಂದ ಮನೆ ಬೆಚ್ಚಗಾದರೆ ನನಗೆ ಸಮಾಧಾನ. ನಿಂತ ಕಾಡು ಕಡಿದು ಮಾಡುವುದಾದರೆ ಬೇಡ.

ಹೊಗೆಯ ಸಣ್ಣ ಕಣಗಳದ್ದು ಇನ್ನೊಂದು ವಿಷಯ. ಪಿಎಂ 2.5, ಅಂದರೆ 2.5 ಮೈಕ್ರೋಮೀಟರಿಗಿಂತ ಸಣ್ಣದಾಗಿ ಶ್ವಾಸಕೋಶದ ಒಳಕ್ಕೆ ಇಳಿಯುವ ಕಣಗಳು, ವರ್ಷದ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 5 ಮೈಕ್ರೋಗ್ರಾಂ ಮೀರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಒಳ್ಳೆಯ ಬಾಯ್ಲರ್, ಒಣ ಸೌದೆ, ಪೂರ್ತಿ ಉರಿ ಇದ್ದರೂ ಸೌದೆ ಗ್ಯಾಸಿಗಿಂತ ಜಾಸ್ತಿ ಕಣ ಬಿಡುತ್ತದೆ. ಮನೆಗೆ ಮನೆ ಅಂಟಿಕೊಂಡ ಬೀದಿಯಲ್ಲಿ, ಕಣಿವೆಯಂತೆ ಗಾಳಿ ನಿಲ್ಲುವ ಜಾಗದಲ್ಲಿ, ಮನೆಯಲ್ಲೋ ಪಕ್ಕದ ಮನೆಯಲ್ಲೋ ಉಬ್ಬಸ ಇರುವವರು ಇದ್ದರೆ, ಸೌದೆ ಒಲೆ ಹಾಕಬೇಡಿ ಅಂತಲೇ ನಾನು ಹೇಳುತ್ತೇನೆ. ಅಲ್ಲಿಗೆ ಹೊದಿಕೆ, ಸೋಲಾರ್ ಕರೆಂಟ್, ಹೀಟ್ ಪಂಪ್ (ಹೊರಗಿನ ಶಾಖವನ್ನು ಕರೆಂಟಿನ ಸಹಾಯದಿಂದ ಮನೆಯೊಳಗೆ ತರುವ ಯಂತ್ರ) ಸರಿಯಾದ ದಾರಿ. ಬೆಚ್ಚಗಿರುವ ಹಕ್ಕು ನಮಗಿದ್ದ ಹಾಗೆ ಉಸಿರಾಡುವ ಹಕ್ಕು ಪಕ್ಕದವರಿಗೂ ಇದೆ.

ಕೊನೆಗೆ, ಗ್ಯಾಸ್ ಯಾವಾಗ ಕಡಿಸಬೇಕು ಅನ್ನುವ ಪ್ರಶ್ನೆ. ಅವಸರ ಬೇಡ. ಮೊದಲ ವರ್ಷ ಹೊದಿಕೆ ಮತ್ತು ಆ 50 ಡಿಗ್ರಿಯ ಪರೀಕ್ಷೆ. ಅದೇ ವರ್ಷ ಸೌದೆ ಸೀಳಿ ಒಟ್ಟಲು ಶುರು ಮಾಡಿ. ಎರಡನೇ ವರ್ಷ ಟ್ಯಾಂಕ್ ಮತ್ತು ಸೋಲಾರ್, ಹಳೆಯ ಗ್ಯಾಸ್ ಬಾಯ್ಲರನ್ನೇ ಟ್ಯಾಂಕಿಗೆ ಜೋಡಿಸಿ. ಆ ಬೇಸಿಗೆಯಲ್ಲಿ ಚಿಮ್ನಿ ಕೆಲಸ ಮುಗಿಸಿ. ಮೂರನೇ ಚಳಿಗಾಲಕ್ಕೆ ಸೌದೆ ಬಾಯ್ಲರ್ ಹಚ್ಚುವ ಹೊತ್ತಿಗೆ ಸೌದೆ ಒಣಗಿರುತ್ತದೆ. ಆ ಚಳಿಗಾಲ ಪೂರ್ತಿ ಗ್ಯಾಸ್ ಪಕ್ಕದಲ್ಲಿರಲಿ. ಜ್ವರ ಬಂದು ಮಲಗಿದ ದಿನ ಯಾರು ಒಲೆ ಹಚ್ಚುತ್ತಾರೆ, ಒಂದು ವಾರ ಊರಿಗೆ ಹೋದರೆ ಪೈಪು ಹೆಪ್ಪುಗಟ್ಟದ ಹಾಗೆ ಏನು ಮಾಡುತ್ತೀರಿ, ಇದೆಲ್ಲ ಆಗ ತಿಳಿಯುತ್ತದೆ. ಟ್ಯಾಂಕಿನಲ್ಲಿ ಒಂದು ಕರೆಂಟ್ ಹೀಟರ್ ಇದ್ದರೆ ಈ ಎರಡಕ್ಕೂ ಆಗುತ್ತದೆ.

ಆ ಚಳಿಗಾಲದಲ್ಲಿ ಗ್ಯಾಸ್ ಮೀಟರಿನ ಅಂಕಿಯನ್ನು ಪ್ರತಿ ವಾರ ಬರೆದಿಡಿ. ಚಳಿ ಮುಗಿಯುವವರೆಗೆ ಅದು ಅಲ್ಲಾಡದೆ ನಿಂತಿದ್ದರೆ, ಪರವಾನಗಿ ಇರುವವರನ್ನು ಕರೆಸಿ ಗ್ಯಾಸ್ ಕಡಿಸಿ. ಬಾಯ್ಲರ್ ಇದ್ದ ಗೋಡೆಯ ತೂತನ್ನು ಅವತ್ತೇ ಮುಚ್ಚಿಸಿಬಿಡಿ, ಅಲ್ಲಿಂದಲೂ ಚಳಿ ಬರುತ್ತದೆ.